ಮದ್ದಿನ ಮನೆಯಾದ ವಿದ್ಯಾಮಂದಿರ

ಬೀದರವನ್ನು ನೋಡಲು ಬರುವವರು ಮೊದಲು ಕೋಟೆಯನ್ನು ನೋಡಿ, ಹೊತ್ತು ಮಿಕ್ಕರೆ ಮಹಮೂದ ಗವಾನನ ಮದರಸವನ್ನು ನೋಡಿ ಹಿಂದಿರುಗುವರು. ಇಲ್ಲಿಯೇ ಬೆಳೆದ ನಮ್ಮ ಹೆಣ್ಣುಮಕ್ಕಳಿಗಾದರೋ ಇವೆರಡೂ ದಾರಿಯ ಪಕ್ಕದ ಗೋಡೆಗಳು. ದಿನವೂ ಕಾಣುವುದನ್ನು ಯಾರೂ ನಿಂತು ನೋಡುವುದಿಲ್ಲ. ಈಗ ಬೇರೆ ಬೇರೆ ಊರುಗಳಲ್ಲಿ ಗೃಹಿಣಿಯರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವ ಹಳೆಯ ವಿದ್ಯಾರ್ಥಿನಿಯರು ರಜಾದಿನಗಳಲ್ಲಿ ತಮ್ಮ ಮಕ್ಕಳೊಡನೆ ತವರಿಗೆ ಬಂದಾಗ, ಅವರಿಗೆ ಏನನ್ನು ತೋರಿಸಿ ಏನನ್ನು ತಿಳಿಯಹೇಳಬೇಕೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇನೆ.

ಬೀದರವು ದಂಡಿನ ಊರು. ಸಿಕಂದರಾಬಾದು, ಬಳ್ಳಾರಿ ಮುಂತಾದವು ಇಂಗ್ಲಿಷರ ಕಾಲದಲ್ಲಿ ದಂಡಿನ ಊರುಗಳಾದವು. ಬೀದರವು ಅದಕ್ಕೆ ಮುನ್ನೂರೈವತ್ತು ವರುಷಗಳಿಗೂ ಹಿಂದೆಯೇ ಹಾಗಾಗಿತ್ತು. 1422ರಲ್ಲಿ ಪಟ್ಟಕ್ಕೆ ಬಂದ ಬಹಮನಿ ಸುಲ್ತಾನ ಅಹಮದ ಶಾಹನು ಗುಲಬರ್ಗೆಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. 1430ರ ಸುಮಾರಿಗೆ ಈಗಿನ ಕೋಟೆಯು ಎದ್ದಿತು. ಸ್ಥಳದ ಆಯ್ಕೆಯಲ್ಲಿಯೇ ದಂಡನಾಯಕನ ಕಣ್ಣು ಕಾಣುವುದು. ಊರು ಸಮುದ್ರಮಟ್ಟಕ್ಕಿಂತ ಸುಮಾರು 2,200 ಅಡಿ ಎತ್ತರದ ಕೆಂಪು ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲಿದೆ. ಆ ಹಾಸಿನ ಅಂಚು ಕಡಿದಾಗಿ ಕೆಳಗಿಳಿಯುವುದರಿಂದ, ಕೆಳಗಣ ಬಯಲಿನಲ್ಲಿ ಬರುವ ವೈರಿಯು ದೂರದಿಂದಲೇ ಕಾಣುವನು. ಜಂಬಿಟ್ಟಿಗೆಯು ನೆಲದೊಳಗಿರುವಾಗ ಮೃದು. ಕಡಿದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು. ಮಳೆಯ ನೀರು ಅದರ ರಂಧ್ರಗಳ ಮೂಲಕ ಇಳಿದು, ಕೆಳಗಿನ ಕಪ್ಪುಕಲ್ಲಿನ ಮೇಲೆ ನಿಂತು, ಅಂಚುಗಳಲ್ಲಿ ಝರಿಯಾಗಿ ಹೊರಬರುವುದು. ನರಸಿಂಹ ಝರಣಿ, ಗುರುನಾನಕ ಝೀರಾಗಳು ಅಂಥವುಗಳೇ. ಊರಿನ ಸಮೀಪದ ನೌಬಾದಿನಲ್ಲಿ ನೀರನ್ನು ನೆಲದೊಳಗಿನ ಸುರಂಗದಲ್ಲಿ ಹರಿಯಿಸುವ ಕರೇಜ್ ಎಂಬ ಪಾರಸಿಕ ಪದ್ಧತಿಯ ಕಾಲುವೆಯೂ ಉಂಟು. ಕಲ್ಲು, ಎತ್ತರ, ನೀರು ಈ ಮೂರೂ ಒಂದೆಡೆ ದೊರೆತ ಜಾಗವನ್ನು ಯಾವ ದಂಡನಾಯಕನು ತಾನೇ ಬಿಟ್ಟಾನು?

ಕೋಟೆಯೊಳಗೆ ಹೋಗುವಾಗ ಮಕ್ಕಳಿಗೆ ಮೊದಲು ಕಂದಕವನ್ನು ತೋರಿಸಿರಿ. ಊರಿನ ಕಡೆಗೆ ಅದು ಒಂದಲ್ಲ, ಮೂರು. ನಡುವೆ ಬಂಡೆಯನ್ನೇ ಗೋಡೆಯಾಗಿ ಉಳಿಸಿ ಕೊರೆದಿರುವರು. ಬಾಗಿಲುಗಳು ಒಂದರ ಹಿಂದೊಂದಾಗಿದ್ದು, ದಾರಿಯು ಅವುಗಳ ನಡುವೆ ತಿರುಗುತ್ತ ಸಾಗುವುದು. ನುಗ್ಗಿಬರುವ ದಂಡಿನ ವೇಗವನ್ನು ಮುರಿಯುವುದಕ್ಕಾಗಿಯೇ ಈ ಉಪಾಯ. ಹುಲಿಗಳ ಚಿತ್ರವಿರುವ ಶರ್ಜಾ ದರವಾಜೆಯು 1503ರದು. ಒಳಗೆ ಸೋಲಾ ಖಂಬಾ ಮಸೀದಿ, ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿ ಸಿಂಗರಿಸಿದ ರಂಗೀನ್ ಮಹಲು, ಗಗನ ಮಹಲು, ತಖ್ತ ಮಹಲುಗಳಿವೆ; ಬುರುಜುಗಳ ಮೇಲೆ ದೊಡ್ಡ ಫಿರಂಗಿಗಳು ಇಂದಿಗೂ ಉಂಟು. ಊರ ನಡುವೆ ನಾಲ್ಕು ಬೀದಿಗಳು ಕೂಡುವಲ್ಲಿ 71 ಅಡಿ ಎತ್ತರದ ಚೌಬಾರಾ ಎಂಬ ದುಂಡನೆಯ ಕಾವಲುಗೋಪುರವಿದೆ.

ಚೌಬಾರಾದಿಂದ ಕೋಟೆಯ ಕಡೆಗೆ ನಡೆದರೆ ಮದರಸವು ಸಿಗುವುದು. ಇದನ್ನು ಕಟ್ಟಿಸಿದ ಮಹಮೂದ ಗವಾನನು ಇರಾನಿನ ಗೀಲಾನ ಪ್ರಾಂತದವನು. 1453ರಲ್ಲಿ ವ್ಯಾಪಾರಕ್ಕಾಗಿ ಇಲ್ಲಿಗೆ ಬಂದು, ಸುಲ್ತಾನರ ವಿಶ್ವಾಸವನ್ನು ಗಳಿಸಿ, ಪ್ರಧಾನಮಂತ್ರಿಯಾದನು. 1472ರಲ್ಲಿ ಮುಗಿದ ಈ ವಿದ್ಯಾಶಾಲೆಗೆ ಮೂರು ಅಂತಸ್ತುಗಳು. ನಡುವೆ ವಿಶಾಲವಾದ ಅಂಗಳ. ಸುತ್ತಲೂ ವಿದ್ಯಾರ್ಥಿಗಳಿಗೂ ಗುರುಗಳಿಗೂ ವಾಸದ ಕೋಣೆಗಳು, ಪಾಠದ ಹಜಾರಗಳು, ಮಸೀದಿ, ಪುಸ್ತಕ ಭಂಡಾರ. ಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಹೇಳುವರು. ಮುಂಭಾಗವನ್ನೆಲ್ಲ ನೀಲಿ, ಹಳದಿ, ಬಿಳಿ ಬಣ್ಣದ ಮೆರುಗು ಬಿಲ್ಲೆಗಳಿಂದ ಅಲಂಕರಿಸಿ, ಎರಡು ಮೂಲೆಗಳಲ್ಲಿಯೂ ಎತ್ತರವಾದ ಮಿನಾರುಗಳನ್ನು ನಿಲ್ಲಿಸಿದ್ದರು.

ಗವಾನನು ವಿದ್ಯಾಪ್ರಿಯನಾಗಿದ್ದಂತೆ ದಂಡನಾಯಕನೂ ಆಗಿದ್ದನು. ಮದರಸವು ಸಿದ್ಧವಾದ ಕಾಲದಲ್ಲಿಯೇ ಆತನು ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿ, ಗೋಡೆಯ ಬುಡಕ್ಕೆ ಸುರಂಗ ತೋಡಿ, ಮದ್ದು ತುಂಬಿ ಹಾರಿಸಿದನು. ದಕ್ಷಿಣದವರಿಗೆ ಅದುವರೆಗೆ ಈ ವಿದ್ಯೆಯು ತಿಳಿದಿರಲಿಲ್ಲವೆಂದು ಇತಿಹಾಸಕಾರನಾದ ಫಿರಿಸ್ತನು ಹೇಳುವನು. ಒಂದು ಕೈಯಿಂದ ಮದ್ದಿಗೆ ದಾರಿಮಾಡಿ ಇನ್ನೊಂದು ಕೈಯಿಂದ ಶಾಲೆಯನ್ನು ಕಟ್ಟಿದ ಈ ಮಹಾಪುರುಷನ ಕೊನೆಯು ದುಃಖಕರ. ಆತನ ಏಳಿಗೆಯನ್ನು ಸಹಿಸದವರು ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ವಂಚಿಸಿ, ಒರಿಸ್ಸದ ರಾಜನಿಗೆ ಬರೆದಂತೆ ಸುಳ್ಳು ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನನು ವಿಚಾರಿಸದೆ 1481ರಲ್ಲಿ ಆತನ ತಲೆಯನ್ನು ತೆಗೆಸಿದನು. ಮನೆಯನ್ನು ಶೋಧಿಸಿದಾಗ ಅಲ್ಪ ಹಣ ಮಾತ್ರ ಸಿಕ್ಕಿತೆಂದೂ, ಆತನು ತನ್ನ ಊಟದ ವೆಚ್ಚವನ್ನು ಸ್ವಂತ ವ್ಯಾಪಾರದ ಲಾಭದಿಂದ ನಡೆಸಿ, ಮಿಕ್ಕುದನ್ನು ದಾನಮಾಡುತ್ತಿದ್ದನೆಂದೂ ಆಗ ತಿಳಿಯಿತು.

ಆತನ ಶಾಲೆಯು ಆತನಿಗಿಂತ ಬಹುಕಾಲ ಬಾಳಿತು. ನೂರು ವರುಷಗಳಿಗೂ ಮೇಲೆ ಫಿರಿಸ್ತನು ಬರೆಯುವಾಗ ಅದು ಕುಂದಿಲ್ಲದೆ ನಿಂತಿತ್ತು. ಬಹಮನಿಗಳ ಬಳಿಕ ಬರೀದರೂ, 1619ರಿಂದ ಬಿಜಾಪುರದ ಆದಿಲಶಾಹಿಗಳೂ ಬೀದರವನ್ನು ಆಳಿದರು. 1657ರಲ್ಲಿ ಔರಂಗಜೇಬನು ಕೋಟೆಗೆ ಮುತ್ತಿಗೆ ಹಾಕಿದಾಗ ಬಿಜಾಪುರದ ಕಡೆಯ ಮುದಿ ಕಿಲ್ಲೇದಾರ ಸಿದ್ದಿ ಮರ್ಜಾನನು ಶೌರ್ಯದಿಂದ ಎದುರಿಸಿದನು. ಮೂರು ಕಂದಕಗಳೂ ಎತ್ತರದ ಗೋಡೆಯೂ ಇದ್ದು ಕೋಟೆ ಬಿದ್ದುದು ಹೇಗೆ? ಬುರುಜಿನ ಹಿಂದೆ ತಾನೇ ಕೂಡಿಸಿಟ್ಟಿದ್ದ ಮದ್ದಿಗೆ ಕಿಡಿ ತಗುಲಿ ಸಿಡಿದು, ಮರ್ಜಾನನೂ ಅವನ ಮಕ್ಕಳೂ ಸುಟ್ಟು ಗಾಯಗೊಂಡರು. ಮರಣಶಯ್ಯೆಯಲ್ಲಿದ್ದ ಅವನು ಕೋಟೆಯ ಬೀಗದ ಕೈಗಳನ್ನು ಕಳುಹಿಸಿಕೊಟ್ಟನು. ಇಪ್ಪತ್ತೇಳು ದಿನಗಳಲ್ಲಿ ಎಲ್ಲವೂ ಮುಗಿಯಿತು.

ಕೋಟೆಯಲ್ಲಿ ಮದ್ದಿರುವುದು ಸಹಜ. ಆದರೆ ಗೆದ್ದವರು ಮದರಸದ ಕೋಣೆಗಳಲ್ಲಿ ಸಿಪಾಯಿಗಳನ್ನು ಇರಿಸಿ, ಮದ್ದನ್ನೂ ಅಲ್ಲಿಯೇ ತುಂಬಿಸಿದರು. 1696ರಲ್ಲಿ ಅದು ಸಿಡಿಯಿತು. ಮುಂಭಾಗದ ಹೆಬ್ಬಾಗಿಲೂ ಒಂದು ಮಿನಾರೂ ಕಟ್ಟಡದ ಒಂದು ಪಾಲೂ ಕ್ಷಣಮಾತ್ರದಲ್ಲಿ ಹಾರಿಹೋದುವು. 224 ವರುಷ ಮಳೆಗೂ ಬಿಸಿಲಿಗೂ ರಾಜ್ಯಗಳ ಪಲ್ಲಟಕ್ಕೂ ಜಗ್ಗದಿದ್ದ ಮಂದಿರವು, ವಿದ್ಯೆಗಾಗಿ ಕಟ್ಟಿದುದನ್ನು ಬೇರೆ ಕೆಲಸಕ್ಕೆ ಬಳಸಿದುದರಿಂದ ಹಾಳಾಯಿತು. ಇದೇ ನಾನು ಮಕ್ಕಳಿಗೆ ಮುಖ್ಯವಾಗಿ ಹೇಳಬಯಸುವ ಮಾತು.

ಮುಂದಿನ ಕಥೆಯನ್ನು ಬೇಗನೆ ಹೇಳಬಹುದು. 1724ರಲ್ಲಿ ಬೀದರವು ನಿಜಾಮರದಾಯಿತು. 1914ರಲ್ಲಿ ಹೈದರಾಬಾದು ಸಂಸ್ಥಾನವು ಪ್ರಾಕ್ತನ ಇಲಾಖೆಯನ್ನು ಸ್ಥಾಪಿಸಿತು. ಅದರ ಅಧಿಕಾರಿಗಳಾದ ಗುಲಾಮ್ ಯಜ್ದಾನಿಯವರು ಇಲ್ಲಿಯ ಕಟ್ಟಡಗಳನ್ನು ಅಳೆದು, ದುರಸ್ತಿ ಮಾಡಿಸಿ, 1947ರಲ್ಲಿ ಬೀದರದ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. 1948ರ ಸೆಪ್ಟೆಂಬರ್ 17ರಂದು ಭಾರತದ ಸೈನ್ಯವು ಬೀದರವನ್ನು ಪ್ರವೇಶಿಸಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1963ರಿಂದ ವಾಯುಪಡೆಯ ತರಬೇತಿ ಕೇಂದ್ರವು ಇಲ್ಲಿರುವುದರಿಂದ ದಂಡಿನ ಊರೆಂಬ ಹೆಸರು ಇಂದಿಗೂ ಸಲ್ಲುವುದು.

ಭಾಲ್ಕಿ, ಔರಾದುಗಳ ಪೋಷಕರು ತಮ್ಮ ಊರುಗಳ ಮಾತೇನೆಂದು ಕೇಳಬಹುದು. ಔರಾದಿನಲ್ಲಿ ಅಮರೇಶ್ವರ ದೇವಾಲಯವೂ ಭಾಲ್ಕಿಯಲ್ಲಿ ಕೋಟೆಯೂ ಇವೆ. ಆದರೆ ಭಾಲ್ಕಿಯಲ್ಲಿ ಕೋಟೆಗಿಂತ ನೆನೆಯತಕ್ಕುದು ಅಲ್ಲಿಯ ಹಿರೇಮಠ. ನಿಜಾಮರ ಆಳಿಕೆಯಲ್ಲಿ ಕನ್ನಡ ಶಾಲೆಗೆ ಆಸ್ಪದವಿಲ್ಲದಿದ್ದಾಗ, ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಬೀದರದಲ್ಲಿ ಭವ್ಯವಾದ ಶಾಲೆಯ ಕಟ್ಟಡ ಉಳಿದು ಪಾಠ ನಿಂತಿತು; ಭಾಲ್ಕಿಯಲ್ಲಿ ಭವ್ಯವಾದ ಕಟ್ಟಡವಿಲ್ಲದೆಯೇ ಪಾಠ ನಡೆಯಿತು. ಇವೆರಡನ್ನೂ ಜೊತೆಯಲ್ಲಿಟ್ಟು ನೋಡುವುದು ಒಳ್ಳೆಯದು.

ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಎರಡು ಅರಿಕೆಗಳು. ಮೊದಲನೆಯದು: ಮದರಸಕ್ಕೆ ಹೋದಾಗ ಉಳಿದಿರುವ ಮಿನಾರನ್ನು ನೋಡಿ ಹಿಂದಿರುಗದೆ, ಮುರಿದ ಮಗ್ಗುಲಿಗೂ ಮಕ್ಕಳನ್ನು ಕರೆದುಕೊಂಡು ಹೋಗಿ ಅದು ಹಾಗಾದ ಕಾರಣವನ್ನು ಹೇಳಿರಿ, ಅಳಿದುಳಿದ ಬಿಲ್ಲೆಗಳನ್ನು ಮುಟ್ಟದಂತೆಯೂ, ಗೋಡೆಯ ಮೇಲೆ ಹೆಸರು ಕೆತ್ತದಂತೆಯೂ ನೋಡಿಕೊಳ್ಳಿರಿ. ಎರಡನೆಯದು: ನಿಮ್ಮ ನಿಮ್ಮ ಊರಿನ ಶಾಲೆಯ ಕೋಣೆಯನ್ನು ಧಾನ್ಯದ ಚೀಲಗಳಿಗೋ ಮದುವೆಯ ಬಿಡಾರಕ್ಕೋ ಬಿಟ್ಟುಕೊಡಿರೆಂದು ಕೇಳುವವರು ಬಂದಾಗ, ಅದು ನಾಲ್ಕು ದಿನದ ಮಾತೇ ಆದರೂ, ಆ ನಾಲ್ಕು ದಿನ ಮಕ್ಕಳು ಎಲ್ಲಿ ಕುಳಿತು ಓದಬೇಕೆಂದು ಮೊದಲು ಕೇಳಿರಿ.