ಸರ್ವರ್‌ಗೆ ಇದ್ದ ಪಟ್ಟಿ ಅಮ್ಮನಿಗೆ ಇರಲಿಲ್ಲ

ನಾನು ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಹಿಂಜವಡಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ತಿಂಗಳಿಗೆ ಒಂದು ವಾರ ‘ಆನ್‌ಕಾಲ್’ ಪಾಳಿ. ರಾತ್ರಿ ಎಷ್ಟು ಹೊತ್ತಿಗೆ ಸರ್ವರ್ ಕೈಕೊಟ್ಟರೂ ಎದ್ದು ಕೂರಬೇಕು. ಮೊದಲು ಏನು ನೋಡಬೇಕು, ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಮುಂದೆ ಯಾರು ಎಂಬುದೆಲ್ಲ ಒಂದು ಪಟ್ಟಿಯಲ್ಲಿ ಇರುತ್ತದೆ. ಹಾಗಾಗಿ ಗಾಬರಿಯಾಗುವುದಿಲ್ಲ.

ಹೋದ ವರ್ಷ ದಾವಣಗೆರೆಯಿಂದ ಅಮ್ಮ ಬಂದಿದ್ದಳು. ಹತ್ತು ದಿನ ಕಳೆದಿತ್ತು. ಒಂದು ಬೆಳಗಿನ ಜಾವ ಐದು ಗಂಟೆಗೆ ಹೆಂಡತಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಅಮ್ಮನ ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ನನ್ನನ್ನು ಎಂದೋ ತೀರಿಹೋದ ಸೋದರಮಾವನ ಹೆಸರಿನಿಂದ ಕರೆದಳು. ಪಾರ್ಶ್ವವಾಯು ಎಂದುಕೊಂಡೆ. ನನ್ನ ಕಾಲಲ್ಲಿ ಬಲವೇ ಇಲ್ಲದಂತಾಯಿತು.

108ಕ್ಕೆ ಫೋನ್ ಮಾಡಿದೆ. ವಿಳಾಸ ಕೇಳಿದರು. ಸೊಸೈಟಿಯ ಹೆಸರು ಹೇಳಿದೆ. ಅದೇ ಹೆಸರಿನ ಸೊಸೈಟಿ ಪಕ್ಕದ ರಸ್ತೆಯಲ್ಲೂ ಇದೆ. ಹತ್ತಿರ ಏನಿದೆ, ಯಾವ ಗೇಟು ಎಂದರೆ ಬಾಯಿ ಕಟ್ಟಿತು. ಊಟ ತರಿಸಲಿ, ಕ್ಯಾಬ್ ಕರೆಯಲಿ, ವಿಳಾಸವನ್ನು ಆ್ಯಪ್ ತಾನೇ ಹೇಳುತ್ತದೆ. ನಮ್ಮ ಮನೆಗೆ ಬರುವ ದಾರಿಯನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿದವನೇ ಅಲ್ಲ. ಅದೂ ಹರುಕುಮುರುಕು ಮರಾಠಿಯಲ್ಲಿ.

ವಾಚ್‌ಮನ್‌ಗೆ ಹೇಳಲು ಬಾಗಿಲು ತೆರೆದಾಗ ಎದುರು ಮನೆಯ ಕಾಕೂ ಹೊರಬಂದರು. ಮೂರು ವರ್ಷದಲ್ಲಿ ನಾನು ಅವರೊಡನೆ ಲಿಫ್ಟಿನಲ್ಲಿ ನಕ್ಕಿದ್ದು ಬಿಟ್ಟರೆ ಮಾತಾಡಿದ್ದಿಲ್ಲ. ಅಮ್ಮನನ್ನು ನೋಡಿದವರೇ, ‘ಶುಗರ್ ಆಹೇ ನಾ?’ ಎಂದರು. ತಮ್ಮ ಯಜಮಾನರ ಗ್ಲುಕೋಮೀಟರ್ ತಂದು ಅಮ್ಮನ ಬೆರಳಿಗೆ ಚುಚ್ಚಿದರು. 48 ತೋರಿಸಿತು. 70ಕ್ಕಿಂತ ಕೆಳಗಿಳಿದರೇ ಅಪಾಯ.

ಹೆಂಡತಿ ಸಕ್ಕರೆ ನೀರು ಹಿಡಿದು ಬಾಯಿಗೆ ಹಾಕಲು ಬಂದಳು. ಕಾಕೂ ತಡೆದರು. ಅಮ್ಮನನ್ನು ಎತ್ತಿ ಕೂರಿಸಿ, ಮಾತಾಡಿಸಿ, ಒಂದು ಗುಟುಕು ನುಂಗುತ್ತಾಳೆಂದು ನೋಡಿದ ಮೇಲೆಯೇ ಉಳಿದದ್ದನ್ನು ಕುಡಿಸಿದರು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗಬಹುದು ಎಂದು ಆಮೇಲೆ ವೈದ್ಯರು ತಿಳಿಸಿದರು. ಪ್ರಜ್ಞೆ ಇದ್ದು ನುಂಗಲು ಆಗುತ್ತಿದ್ದರೆ ಮೂರು ಚಮಚ ಸಕ್ಕರೆ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಆಂಬುಲೆನ್ಸ್ ಬರುವಷ್ಟರಲ್ಲಿ ಅಮ್ಮ ನನ್ನನ್ನು ನನ್ನ ಹೆಸರಿನಿಂದಲೇ ಕರೆದಳು.

ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ: ಯಾವ ಮಾತ್ರೆ? ‘ಒಂದು ಉದ್ದದ್ದು, ಇನ್ನೊಂದು ಚಿಕ್ಕದು’ ಎಂದೆ. ಅಮ್ಮ ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಡಬ್ಬಿಯಲ್ಲಿಡುತ್ತಾಳೆ. ಉಳಿದ ತುಂಡಿನಲ್ಲಿ ಹೆಸರೇ ಇರಲಿಲ್ಲ. ಚೀಟಿಯ ಫೋಟೊ ಇದ್ದ ಅಕ್ಕ ದಾವಣಗೆರೆಯಲ್ಲಿ ಫೋನ್ ಸೈಲೆಂಟ್ ಮಾಡಿ ಮಲಗಿದ್ದಳು. ಕೊನೆಗೆ ಹೆಸರು ಹೇಳಿದವರೂ ಕಾಕೂ. ಅವರ ಯಜಮಾನರದ್ದೂ ಅದೇ ಗ್ಲಿಮಿಪಿರೈಡ್. ಹಿಂದಿನ ದಿನ ಏಕಾದಶಿ. ಅಮ್ಮ ಉಪವಾಸವಿದ್ದು ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದಳು. ಈ ಬಗೆಯ ಮಾತ್ರೆಯ ಪರಿಣಾಮ ಬೇಗ ಇಳಿಯದು, ಸಕ್ಕರೆ ಮತ್ತೆ ಕುಸಿಯಬಹುದು ಎಂದು ಒಂದು ದಿನ ಅಲ್ಲೇ ಇರಿಸಿಕೊಂಡರು.

ಮನೆಗೆ ಬಂದ ಸಂಜೆ ನಾನು ಮೊದಲು ಮಾಡಿದ ಕೆಲಸ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿದ್ದು. ಅಮ್ಮನ ಕಾಯಿಲೆ, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಯಾವ ಔಷಧ ಒಗ್ಗದು, ರಾತ್ರಿಯೂ ತೆರೆದಿರುವ ಆಸ್ಪತ್ರೆ, ಇಬ್ಬರು ನೆರೆಯವರ ಫೋನ್ ನಂಬರ್. ನಮ್ಮ ಮನೆಯ ದಾರಿಯನ್ನು ಗೇಟು, ವಿಂಗು, ಹತ್ತಿರದ ಗುರುತಿನೊಂದಿಗೆ ಮರಾಠಿಯಲ್ಲಿ, ಆದರೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಅಮ್ಮ ಒಬ್ಬಳೇ ಇದ್ದರೂ ಓದಿ ಹೇಳಬಹುದು. ಕರ್ನಾಟಕದ 108 ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡಿನಲ್ಲೂ ಅದೇ. ದೆಹಲಿಯ ಸರ್ಕಾರಿ ಆಂಬುಲೆನ್ಸ್‌ಗೆ 102. ಯಾವುದೂ ನೆನಪಾಗದಿದ್ದರೆ 112. ‘ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಹೊತ್ತಿಗೆ?’ ಎಂಬ ಸಾಲನ್ನೂ ಸೇರಿಸಿದ್ದೇನೆ. ಅದು ನಿಜಕ್ಕೂ ಪಾರ್ಶ್ವವಾಯುವೇ ಆಗಿದ್ದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ.

ಆಫೀಸಿನಲ್ಲೂ ಕಣ್ಣು ತೆರೆಯಿತು. ಲಿಫ್ಟಿನ ಪಕ್ಕದ ಗೋಡೆಯಲ್ಲಿ ಎಇಡಿ ಯಂತ್ರವಿದೆ, ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವಂಥದ್ದು. ನಮ್ಮ ತಂಡದ ಹನ್ನೊಂದು ಜನರಲ್ಲಿ ಒಬ್ಬನಿಗೆ ಮಾತ್ರ ಅದು ಗೊತ್ತಿತ್ತು. ಸುರಕ್ಷತಾ ವಿಭಾಗದವರನ್ನು ಕೇಳಿ ಒಂದು ಮಧ್ಯಾಹ್ನ ಎಲ್ಲರೂ ಗೊಂಬೆಯ ಮೇಲೆ ಸಿಪಿಆರ್ ಕಲಿತೆವು. ಎದೆಯ ನಡುವೆ, ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಎರಡು ನಿಮಿಷಕ್ಕೆ ಬೆವರಿಳಿಯಿತು. ವಿಡಿಯೊ ನೋಡುವುದಕ್ಕೂ ಕೈಯಾರೆ ಮಾಡುವುದಕ್ಕೂ ಇರುವ ಅಂತರ ಅಂದು ತಿಳಿಯಿತು.

ಊರಿನಲ್ಲಿದ್ದಿದ್ದರೆ ಒಂದು ಕೂಗಿಗೆ ಓಣಿಯೇ ಸೇರುತ್ತಿತ್ತು. ಹೊರನಾಡಿಗೆ ಬಂದ ನಮಗೆ ಓಣಿಯಿಲ್ಲ, ಅದನ್ನು ನಾವೇ ಕಟ್ಟಿಕೊಳ್ಳಬೇಕು. ಅಮ್ಮ ಅದನ್ನು ಹತ್ತೇ ದಿನದಲ್ಲಿ ಕಟ್ಟಿದ್ದಳು. ಶೇಂಗಾ ಚಟ್ನಿಪುಡಿ ಕೊಟ್ಟು, ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ಎದುರು ಮನೆಯವರೊಡನೆ ಕುಳಿತು ಮಾತ್ರೆಗಳ ಲೆಕ್ಕ ಹಾಕಿದ್ದಳಂತೆ.

ಈಗ ವಾರಕ್ಕೊಮ್ಮೆ ನಾನೂ ಆ ಬಾಗಿಲು ತಟ್ಟುತ್ತೇನೆ. ಮೊನ್ನೆ ಅವರ ಫ್ರಿಜ್ಜಿನ ಮೇಲೂ ಒಂದು ಹಾಳೆ ಕಂಡಿತು. ನೆರೆಯವರ ನಂಬರ್ ಎಂಬಲ್ಲಿ ಮೊದಲು ನನ್ನದೇ ಇದೆ.