ಕಡಲೊಳಗಿನ ಓಣಿ

ಕೆರೆಯ ನೀರಿಗೆ ಆಳ ತಿಳಿದರೆ ಸಾಕು. ಕಡಲಿಗೆ ಹೊತ್ತನ್ನೂ ತಿಳಿದಿರಬೇಕು. ಉಬ್ಬರವಿಳಿತಗಳು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನಿನ್ನೆಯ ಸ್ನಾನದ ವೇಳೆ ಇಂದಿನದಲ್ಲ.

2024ರ ದಸರೆಯ ರಜೆಯಲ್ಲಿ ಸಂಸಾರಸಮೇತ ಮಲ್ಪೆಗೆ ಹೋಗಿದ್ದೆವು. ಬೆಳಿಗ್ಗೆ ಮೊಣಕಾಲುದ್ದದ ನೀರಿನಲ್ಲಿ ಮಕ್ಕಳು ಮನದಣಿಯೆ ಆಡಿದರು. ಇಳಿತ ಮೊದಲಾದೊಡನೆ ಕಡಲಿನ ನಡತೆಯೇ ಬೇರೆಯಾಯಿತು. ಎಡಬಲಗಳಲ್ಲಿ ತೆರೆಗಳು ನೊರೆಯೆದ್ದು ಒಡೆಯುತ್ತಿರಲು, ನಡುವೆ ಓಣಿಯಗಲದ ನೀರು ಮಾತ್ರ ಕಪ್ಪಾಗಿ, ಸಮತಟ್ಟಾಗಿ ಮಲಗಿತ್ತು. ಮಗನು ಈಜಲೆಂದು ಅತ್ತಲೇ ಹೊರಟನು. ಹರಿದ ಬಲೆಯನ್ನು ಸರಿಪಡಿಸುತ್ತಿದ್ದ ಹಿರಿಯ ಮೊಗವೀರರೊಬ್ಬರು, “ಅಲ್ಲಿ ಬೇಡ ಮಾರಾಯ್ರೆ, ಬಂದ ನೀರು ವಾಪಸು ಹೋಗುವ ದಾರಿ ಅದು” ಎಂದು ಕೂಗಿ, ತೆಂಗಿನ ಸಿಪ್ಪೆಯೊಂದನ್ನು ಅಲ್ಲಿಗೆಸೆದರು. ನೋಡುನೋಡುತ್ತಿದ್ದಂತೆ ಅದು ತೆರೆಯೊಡೆಯುವ ಸಾಲನ್ನು ದಾಟಿಹೋಯಿತು. ನನ್ನಾಕೆ ಸಂಜೆಯವರೆಗೂ ಮಗನ ಕೈ ಬಿಡಲಿಲ್ಲ.

ತೆರೆಗಳು ದಡಕ್ಕೆ ತಂದ ನೀರು ಮರಳದಿಬ್ಬಗಳ ನಡುವಣ ಕಂಡಿಯಿಂದ ಹಿಂದಕ್ಕೆ ನುಗ್ಗುವ ಸೆಳೆತವಿದು. ಅದು ಯಾರನ್ನೂ ತಳಕ್ಕೆಳೆಯದು, ಆಚೆಗೆ ಒಯ್ಯುತ್ತದೆ. ಎದುರಾಗಿ ಈಜಿ ದಣಿದವರು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿದವನಿಗೆ ಪಾರಾಗುವ ದಾರಿಯುಂಟು. ಈಜು ಬಾರದ ನನ್ನಂಥವರಿಗೆ ಈ ಉಪಾಯವೂ ಇಲ್ಲ; ದಡವೇ ಗತಿ. ಇನ್ನು, ಪ್ರತಿ ಮುಂಗಾರೂ ತಳದ ಮರಳನ್ನು ಕದಲಿಸುವುದರಿಂದ, ಮುಂದಿನ ವರ್ಷ ಆ ಓಣಿ ಅಲ್ಲಿಯೇ ಇರಬೇಕೆಂದಿಲ್ಲ.