ಊರಿನ ಕೀರ್ತಿಮಂದಿರ

ಮುರುಗಮಲ್ಲವು ಚಿಂತಾಮಣಿ ತಾಲ್ಲೂಕಿಗೆ ಸೇರಿದ ಊರು. ಈ ತಾಲ್ಲೂಕನ್ನು ಒಳಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯು 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದಿತು. ಈ ಹಳೆಯ ಕೋಲಾರ ಸೀಮೆಯಲ್ಲಿ ಸಂಚರಿಸುವವರಿಗೆ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಬಳಿಯಲ್ಲಿ ವೀರಗಲ್ಲುಗಳು ಕಾಣಸಿಗುತ್ತವೆ. ತುರುಗಳನ್ನು ಕಾಯ್ದು, ಊರನ್ನು ಉಳಿಸಿ ಮಡಿದವನ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿ, ಅವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವುದು ನಮ್ಮ ಹಿರಿಯರ ಪದ್ಧತಿಯಾಗಿದ್ದಿತು. ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಸಂಗ್ರಹಿಸಿ, 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಕಲ್ಲು ನಿಲ್ಲಿಸಲು ವೀರನು ಅರಸನೇ ಆಗಿರಬೇಕೆಂಬ ನಿಯಮವಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿಯೆಂಬ ನಾಯಿಗೂ ಹತ್ತನೆಯ ಶತಮಾನದಲ್ಲಿ ಕಲ್ಲು ನಿಂತಿತು. ಮುಖ್ಯವಾದುದು ಮಾಡಿದ ಕೆಲಸ, ಹುಟ್ಟಿದ ಅಂತಸ್ತಲ್ಲ.

ಇಂದು ತುರುಗಾಳಗಗಳಿಲ್ಲ. ದೇಹಬಲ, ಧೈರ್ಯ, ಸಹನೆಗಳ ಪರೀಕ್ಷೆಯು ಆಟದ ಬಯಲಿನಲ್ಲಿ ನಡೆಯುತ್ತದೆ. ಅಲ್ಲಿ ಮೆರೆದವರ ಹೆಸರನ್ನು ಕಾಪಿಡಲು ಪಾಶ್ಚಾತ್ಯ ದೇಶಗಳಲ್ಲಿ ‘ಹಾಲ್ ಆಫ್ ಫೇಮ್’ ಎಂಬ ಸಂಸ್ಥೆಗಳು ಹುಟ್ಟಿಕೊಂಡವು. ಇವನ್ನು ನಾವು ಕೀರ್ತಿಮಂದಿರಗಳೆನ್ನಬಹುದು. ಅಮೆರಿಕದ ಕೂಪರ್ಸ್‌ಟೌನ್ ಎಂಬ ಚಿಕ್ಕ ಊರಿನಲ್ಲಿ 1939ರಲ್ಲಿ ತೆರೆದ ಬೇಸ್‌ಬಾಲ್ ಕೀರ್ತಿಮಂದಿರವು ಇವುಗಳಲ್ಲಿ ಪ್ರಸಿದ್ಧವಾದುದು. ಆಟಗಾರನು ನಿವೃತ್ತನಾಗಿ ಐದು ವರ್ಷ ಕಳೆಯುವವರೆಗೆ ಸಾಮಾನ್ಯವಾಗಿ ಅವನ ಹೆಸರು ಅಲ್ಲಿ ಪರಿಶೀಲನೆಗೆ ಬರುವುದಿಲ್ಲ. ಬಂದ ಮೇಲೂ, ಮತ ನೀಡುವ ಅನುಭವಿ ಪತ್ರಕರ್ತರಲ್ಲಿ ನೂರಕ್ಕೆ ಎಪ್ಪತ್ತೈದು ಮಂದಿ ಒಪ್ಪಬೇಕು. ಚಪ್ಪಾಳೆಯ ಸದ್ದು ಅಡಗಿದ ಮೇಲೆಯೂ ನಿಲ್ಲುವ ಸಾಧನೆ ಯಾವುದೆಂದು ತೂಗಿ ನೋಡುವುದೇ ಈ ಕಟ್ಟುನಿಟ್ಟಿನ ಉದ್ದೇಶ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು 2009ರಲ್ಲಿ ಆರಂಭಿಸಿದ ಇಂತಹುದೇ ಗೌರವಪಟ್ಟಿಗೆ, ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್‌ಗಳನ್ನು ಪಡೆದ ನಮ್ಮ ಅನಿಲ್ ಕುಂಬ್ಳೆಯವರು 2015ರಲ್ಲಿ ಸೇರಿದರು.

ನಮ್ಮ ದೇಶದಲ್ಲಿ ಕ್ರೀಡಾಪಟುಗಳಿಗೆ ಅರ್ಜುನ ಪ್ರಶಸ್ತಿಯನ್ನು ಕೊಡುವ ಪರಿಪಾಠವು 1961ರಲ್ಲಿ ಮೊದಲಾಯಿತು. ಅವರನ್ನು ತಿದ್ದಿ ತೀಡಿದ ತರಬೇತುದಾರರಿಗೆ ಮೀಸಲಾದ ದ್ರೋಣಾಚಾರ್ಯ ಪ್ರಶಸ್ತಿಯು ಬಂದುದು 1985ರಲ್ಲಿ. ಶಿಷ್ಯನಿಗೆ ಮನ್ನಣೆ ದೊರೆತ ಮೇಲೆ ಗುರುವು ಇಪ್ಪತ್ತನಾಲ್ಕು ವರ್ಷ ಕಾಯಬೇಕಾಯಿತು! ಬೆಂಗಳೂರಿನಲ್ಲಿ ದೀರ್ಘಕಾಲ ಓಟಗಾರರನ್ನು ಪಳಗಿಸಿದ ಎನ್. ಲಿಂಗಪ್ಪನವರಿಗೆ ಆ ಗೌರವವು ದೊರೆತುದು 2014ರಲ್ಲಿ, ಇಳಿವಯಸ್ಸಿನಲ್ಲಿ. ಕರ್ನಾಟಕ ಸರ್ಕಾರವು ಕ್ರೀಡಾಪಟುಗಳಿಗೆ ನೀಡುವ ಪ್ರಶಸ್ತಿಗೆ ಏಕಲವ್ಯನ ಹೆಸರಿದೆ. ಗುರುವು ದೊರೆಯದೆ, ಮಣ್ಣಿನ ಪ್ರತಿಮೆಯ ಮುಂದೆ ತಾನೇ ಕಲಿತವನು ಅವನು. ನಮ್ಮ ಹಳ್ಳಿಗಳ ಅನೇಕ ಮಕ್ಕಳ ಸ್ಥಿತಿಗೂ ಅವನ ಸ್ಥಿತಿಗೂ ಹೆಚ್ಚಿನ ಅಂತರವಿಲ್ಲ.

ದೊಡ್ಡ ಪ್ರಶಸ್ತಿಗಳು ಕೆಲವರಿಗೆ ಮಾತ್ರ ಸಲ್ಲುತ್ತವೆ. ಸಂದ ಹೆಸರುಗಳಾದರೂ ತವರಿನಲ್ಲಿ ಉಳಿದಿವೆಯೇ? ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಅವರು 1964ರ ಟೋಕಿಯೊ ಒಲಿಂಪಿಕ್ ಕೂಟದಲ್ಲಿ ಭಾರತದ ಪರವಾಗಿ ಓಡಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. 1970ರ ಬ್ಯಾಂಕಾಕ್ ಏಷ್ಯನ್ ಕೂಟದ ರಿಲೇ ಓಟದಲ್ಲಿ ಕಂಚಿನ ಪದಕ ಗೆದ್ದ ತಂಡದಲ್ಲಿದ್ದರು. ಅವರು 2022ರಲ್ಲಿ ನಿಧನರಾದರು. ಇದೇ ಸೀಮೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಎಷ್ಟು ಮಂದಿ ಈ ಹೆಸರನ್ನು ಕೇಳಿರುವಿರಿ? ಒಲಿಂಪಿಕ್ ಓಟಗಾರನ ಗತಿಯೇ ಹೀಗಾದರೆ, ತಾಲ್ಲೂಕಿನ ಮಟ್ಟದಲ್ಲಿ ಗೆದ್ದ ಕಬಡ್ಡಿ ತಂಡವನ್ನು ನೆನೆಯುವವರು ಯಾರು? ಬೆಳಗಿನ ಜಾವ ಬಯಲಿಗೆ ಸುಣ್ಣದ ಗೆರೆ ಎಳೆದು, ಮಕ್ಕಳನ್ನು ಬಸ್ಸಿನಲ್ಲಿ ಪಂದ್ಯಕ್ಕೆ ಕರೆದೊಯ್ದ ವ್ಯಾಯಾಮ ಶಿಕ್ಷಕರನ್ನು ನೆನೆಯುವವರು ಯಾರು?

ಇದಕ್ಕೆ ಹೊಸ ಕಟ್ಟಡವೇ ಬೇಕೆಂದಿಲ್ಲ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಒಂದು ಸಮುದಾಯದ ಸಂಸ್ಥೆ. ಮದುವೆಗಳು ನಡೆಯುತ್ತಿದ್ದ ಅದರ ಸಭಾಂಗಣದಲ್ಲಿಯೇ ಬ್ಯಾಡ್ಮಿಂಟನ್ ಅಭ್ಯಾಸ ಮಾಡಿದ ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದರು. ಸಮುದಾಯ ಭವನವು ಆಟಗಾರನನ್ನು ಬೆಳೆಸಬಲ್ಲುದಾದರೆ, ಅದರ ಒಂದು ಗೋಡೆಯು ಆತನ ನೆನಪನ್ನೂ ಹೊರಬಲ್ಲುದು. ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಹೆಸರುಗಳನ್ನು ಬರೆದ ಹಲಗೆ ಇರುವಂತೆ, ಊರಿನ ಆಟಗಾರರಿಗೂ ಒಂದು ಹಲಗೆ ಇರಲಿ.

ಆದರೆ ಆ ಹಲಗೆಗೆ ಬೆಲೆ ಬರುವುದು ಪ್ರಾಮಾಣಿಕತೆಯಿಂದ. ಹೆಸರಿನ ಜೊತೆಗೆ ಆಟ, ವರ್ಷ, ಪಡೆದ ಸ್ಥಾನಗಳನ್ನು ಆಧಾರ ನೋಡಿ ಬರೆಯಬೇಕು. ಶಿಷ್ಯನ ಪಕ್ಕದಲ್ಲಿಯೇ ತರಬೇತುದಾರನ ಹೆಸರೂ ಇರಬೇಕು. ಹೆಣ್ಣುಮಕ್ಕಳ ಸಾಧನೆಗೆ ಸಮನಾದ ಸ್ಥಳ ಸಲ್ಲಬೇಕು. ಹಲಗೆಗೆ ಹಣ ಕೊಟ್ಟ ದಾನಿಯ ಹೆಸರು ಆಟಗಾರನ ಹೆಸರಿಗಿಂತ ದೊಡ್ಡದಾಗಿರಬಾರದು. ಜಾತಿ, ಪಕ್ಷ, ಬಂಧುತ್ವಗಳನ್ನು ನೋಡಿ ಸೇರಿಸಿದ ಒಂದೇ ಒಂದು ಹೆಸರು ಉಳಿದೆಲ್ಲ ಹೆಸರುಗಳ ಮೇಲೂ ಸಂಶಯ ತರುತ್ತದೆ.

ಸನ್ಮಾನಿತರಿಗೆ ಹಾರ ಹಾಕುವುದು ಒಂದು ದಿನದ ಸಂತೋಷ. ಹಲಗೆಯ ನಿಜವಾದ ಪ್ರಯೋಜನವು ಮುಂದೆ ಓಡಬೇಕಾದ ಬಾಲಕ ಬಾಲಕಿಯರದು. ತನ್ನ ಬೀದಿಯವರೇ ಆದ ಒಬ್ಬರ ಹೆಸರನ್ನು ಅಲ್ಲಿ ಓದಿದ ಮಗುವಿಗೆ ಗೆಲುವು ದೂರದೂರಿನ ಸಂಗತಿಯಾಗಿ ತೋರುವುದಿಲ್ಲ. ಈ ಕಾರ್ಯದ ಮೊದಲ ಹೆಜ್ಜೆಯನ್ನು ನೀವೇ ಇಡಬಹುದು. ಹಳೆಯ ಪ್ರಮಾಣಪತ್ರಗಳು ಪೆಟ್ಟಿಗೆಗಳಲ್ಲಿ ಗೆದ್ದಲು ಹಿಡಿಯುತ್ತಿವೆ. ಆಟವನ್ನು ಕಣ್ಣಾರೆ ಕಂಡ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರಿರುವಾಗಲೇ ಹೋಗಿ ಕೇಳಿರಿ, ಕೇಳಿದುದನ್ನು ಬರೆದಿಡಿರಿ.